ಸ್ಟ್ರೆಪ್ಟೊಮೈಸಿನ್ನಿನಿಂದ ರಿಸ್‌ಡಿಪ್ಲಾಮಿನವರೆಗೆ: ಆರ್.ಎನ್.ಎ.ಯನ್ನು ಹಿಡಿಯುವ ಔಷಧಗಳ ಇತಿಹಾಸ

೧

ಔಷಧಗಳ ಇತಿಹಾಸದಲ್ಲಿ ಎರಡು ಕಾಲಗಳನ್ನು ಬೇರೆಬೇರೆಯಾಗಿ ಗುರುತಿಸಬೇಕಾಗುತ್ತದೆ. ಒಂದು, ಔಷಧವು ಮೊದಲ ಬಾರಿಗೆ ರೋಗಿಯನ್ನು ಬದುಕಿಸಿದ ಕಾಲ. ಮತ್ತೊಂದು, ಅದು ಹೇಗೆ ಬದುಕಿಸಿತೆಂಬುದು ವಿದ್ವಾಂಸರಿಗೆ ತಿಳಿದ ಕಾಲ. ಇವೆರಡೂ ಒಟ್ಟಿಗೇ ಬರುತ್ತವೆಂದು ಭಾವಿಸುವುದು ಸಹಜ. ಆದರೆ ಇವುಗಳ ನಡುವೆ ಎರಡು ತಲೆಮಾರುಗಳ ಅಂತರವಿರುವುದೂ ಉಂಟು. ಕ್ಷಯರೋಗದ ಮೊದಲ ಸಮರ್ಥ ಔಷಧವಾದ ಸ್ಟ್ರೆಪ್ಟೊಮೈಸಿನ್ ದೊರೆತದ್ದು ೧೯೪೩ರಲ್ಲಿ. ಅದು ರೋಗಾಣುವಿನೊಳಗೆ ಯಾವ ವಸ್ತುವನ್ನು ಹಿಡಿದುಕೊಳ್ಳುತ್ತದೆಂಬುದು ರಾಸಾಯನಿಕ ಪರೀಕ್ಷೆಯಿಂದ ತೋರಿಬಂದದ್ದು ೧೯೮೭ರಲ್ಲಿ. ಆ ಹಿಡಿತದ ಸ್ವರೂಪ ಸ್ಪಷ್ಟವಾಗಿ ಕಂಡದ್ದು ೨೦೦೦ದಲ್ಲಿ. ಆ ವಸ್ತುವೇ ಆರ್.ಎನ್.ಎ.

ಆರ್.ಎನ್.ಎ.ಗೆ ಅಂಟಿಕೊಂಡು ಕೆಲಸಮಾಡುವ ಸಣ್ಣ ಅಣುಗಳನ್ನು ಇಂದು ಔಷಧಶೋಧನೆಯ ಹೊಸ ದಾರಿಯೆಂದು ವರ್ಣಿಸುವುದು ರೂಢಿಯಾಗಿದೆ. ಈ ವರ್ಣನೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ. ನಮ್ಮ ಅಭಿಪ್ರಾಯದಲ್ಲಿ ಇಲ್ಲಿ ಹೊಸದಾದದ್ದು ಔಷಧವಲ್ಲ, ಅರಿವು. ಇಂತಹ ಔಷಧಗಳನ್ನು ಲೋಕವು ನಾಲ್ಕು ದಶಕಗಳಿಗೂ ಮೀರಿ ತಿಳಿಯದೆಯೇ ಬಳಸಿತು. ಆ ಅಜ್ಞಾನಕ್ಕೆ ಸಾಧನಗಳ ಕೊರತೆ ಎಷ್ಟು ಕಾರಣವೋ ಒಂದು ಪ್ರಬಲವಾದ ಪೂರ್ವಾಭಿಪ್ರಾಯವೂ ಅಷ್ಟೇ ಕಾರಣ. ಅರಿವು ಬರುವವರೆಗೆ ತೆರಬೇಕಾದ ಬೆಲೆಯನ್ನು ತೆತ್ತವರು ರೋಗಿಗಳು.

ವಿಜ್ಞಾನವನ್ನು ವಿಶೇಷವಾಗಿ ಓದದ ವಿದ್ಯಾರ್ಥಿಗಳಿಗಾಗಿ ಒಂದೆರಡು ಮಾತುಗಳನ್ನು ಮೊದಲೇ ಹೇಳುವುದು ಉಚಿತ. ಜೀವಕೋಶದಲ್ಲಿ ವಂಶಪಾರಂಪರ್ಯದ ಮೂಲಲೇಖವಿರುವುದು ಡಿ.ಎನ್.ಎ.ಯಲ್ಲಿ. ಇದನ್ನು ಕಲ್ಲಿನ ಶಾಸನಕ್ಕೆ ಹೋಲಿಸಬಹುದು. ಕಲ್ಲು ಇದ್ದ ಕಡೆಯಿಂದ ಕದಲುವುದಿಲ್ಲ. ಬೇಕಾದಾಗ ಬೇಕಾದ ಭಾಗವನ್ನು ಪ್ರತಿಮಾಡಿಕೊಳ್ಳಬೇಕು. ಆ ಪ್ರತಿಯೇ ಆರ್.ಎನ್.ಎ. ಅಡೆನೀನ್, ಗ್ವಾನೀನ್, ಸೈಟೊಸೀನ್, ಯುರಾಸಿಲ್ ಎಂಬ ನಾಲ್ಕು ಘಟಕಗಳೇ ಅದರ ನಾಲ್ಕು ಅಕ್ಷರಗಳು. ಪ್ರತಿಯನ್ನು ಓದಿ ಅದರಂತೆ ಪ್ರೋಟೀನುಗಳನ್ನು ಕಟ್ಟುವ ಯಂತ್ರಕ್ಕೆ ರೈಬೋಸೋಮು ಎಂದು ಹೆಸರು. ಈ ಯಂತ್ರದಲ್ಲಿಯೂ ಆರ್.ಎನ್.ಎ. ಇದೆ, ಏಕಾಣುಜೀವಿಗಳ ರೈಬೋಸೋಮಿನ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಅದೇ. ಉಳಿದದ್ದು ಪ್ರೋಟೀನು. ಓದುವ ಕೆಲಸವನ್ನು ಮಾಡುವುದು ಇವೆರಡರಲ್ಲಿ ಯಾವುದು ಎಂಬ ಪ್ರಶ್ನೆಯ ಸುತ್ತಲೇ ನಮ್ಮ ಕಥೆ ನಡೆಯುತ್ತದೆ.

೨

ಅಮೆರಿಕಾದ ನ್ಯೂಜೆರ್ಸಿ ಪ್ರಾಂತದ ರಟ್ಗರ್ಸ್ ವಿದ್ಯಾಲಯದಲ್ಲಿ ಸೆಲ್ಮನ್ ವ್ಯಾಕ್ಸ್‌ಮನ್ ಎಂಬ ಪ್ರಾಧ್ಯಾಪಕರು ಮಣ್ಣಿನ ಸೂಕ್ಷ್ಮಜೀವಿಗಳನ್ನು ಕುರಿತು ಸಂಶೋಧನೆ ನಡೆಸುತ್ತಿದ್ದರು. ಅವರ ಶಿಷ್ಯ ಆಲ್ಬರ್ಟ್ ಶಾಟ್ಸ್ ೧೯೪೩ರಲ್ಲಿ ಇಪ್ಪತ್ತಮೂರು ವರ್ಷದ ಯುವಕ. ಆ ವರ್ಷದ ಅಕ್ಟೋಬರಿನಲ್ಲಿ ಗೊಬ್ಬರದ ಮಣ್ಣಿನಿಂದ ಒಂದು, ಕೋಳಿಯ ಗಂಟಲಿನಿಂದ ಒಂದು, ಹೀಗೆ ಸ್ಟ್ರೆಪ್ಟೊಮೈಸೀಸ್ ಗ್ರಿಸಿಯಸ್ ಎಂಬ ಜೀವಿಯ ಎರಡು ತಳಿಗಳನ್ನು ಆತ ಬೇರ್ಪಡಿಸಿದನು. ಇವುಗಳಿಂದ ದೊರೆತ ವಸ್ತುವೇ ಸ್ಟ್ರೆಪ್ಟೊಮೈಸಿನ್. ೧೯೪೪ರ ಜನವರಿಯಲ್ಲಿ ಶಾಟ್ಸ್, ಎಲಿಜಬೆತ್ ಬ್ಯೂಗಿ, ವ್ಯಾಕ್ಸ್‌ಮನ್ ಈ ಮೂವರ ಹೆಸರಿನಲ್ಲಿ ಅದರ ಮೊದಲ ವರದಿ ಪ್ರಕಟವಾಯಿತು. ಅದೇ ವರ್ಷ ಮೇಯೋ ಚಿಕಿತ್ಸಾಲಯದ ಹಿನ್ಷಾ ಮತ್ತು ಫೆಲ್ಡ್‌ಮನ್ ಗಿನಿಹಂದಿಗಳ ಮೇಲೆ ಪ್ರಯೋಗ ನಡೆಸಿ, ಪೆನಿಸಿಲಿನ್ನಿಗೆ ಜಗ್ಗದ ಕ್ಷಯರೋಗವನ್ನು ಈ ಹೊಸ ವಸ್ತುವು ತಡೆಯಬಲ್ಲುದೆಂದು ತೋರಿಸಿದರು.

ಮನುಷ್ಯರ ಮೇಲಿನ ಪರೀಕ್ಷೆಯಲ್ಲಿ ಹೆಸರಾದದ್ದು ಇಂಗ್ಲೆಂಡಿನ ವೈದ್ಯಕೀಯ ಸಂಶೋಧನ ಮಂಡಲಿಯು ೧೯೪೮ರಲ್ಲಿ ಪ್ರಕಟಿಸಿದ ವರದಿ. ಯುದ್ಧಾನಂತರದ ಆ ದೇಶದಲ್ಲಿ ಔಷಧ ಅತ್ಯಲ್ಪವಾಗಿತ್ತು, ಎಲ್ಲರಿಗೂ ಕೊಡುವಂತಿರಲಿಲ್ಲ. ಆದುದರಿಂದ ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ ಅವರ ಸಲಹೆಯಂತೆ, ಯಾರಿಗೆ ಔಷಧ, ಯಾರಿಗೆ ಬರಿಯ ವಿಶ್ರಾಂತಿ ಎಂಬುದನ್ನು ವೈದ್ಯರ ಇಚ್ಛೆಗೆ ಬಿಡದೆ ಯಾದೃಚ್ಛಿಕ ಕ್ರಮದಿಂದ ಗೊತ್ತುಮಾಡಲಾಯಿತು. ಆರು ತಿಂಗಳ ಕೊನೆಗೆ ಔಷಧ ಪಡೆದ ೫೫ ಮಂದಿಯಲ್ಲಿ ೪ ಮಂದಿಯೂ, ವಿಶ್ರಾಂತಿಯನ್ನು ಮಾತ್ರ ಪಡೆದ ೫೨ ಮಂದಿಯಲ್ಲಿ ೧೪ ಮಂದಿಯೂ ಮೃತರಾಗಿದ್ದರು. ಔಷಧದ ಶಕ್ತಿ ಸಂಶಯಾತೀತವಾಗಿ ಸಿದ್ಧವಾಯಿತು.

ಆದರೆ ಅದೇ ವರದಿ ಎರಡು ಅಶುಭಗಳನ್ನೂ ದಾಖಲಿಸಿದೆ. ಔಷಧ ಪಡೆದವರಲ್ಲಿ ಹಲವರಿಗೆ ತಲೆಸುತ್ತು ಬರುತ್ತಿತ್ತು. ಒಳಗಿವಿಯ ಸಮತೋಲದ ಅಂಗ ಕೆಡುತ್ತಿತ್ತು. ಎರಡನೆಯದಾಗಿ, ಕೆಲವು ವಾರಗಳಲ್ಲಿಯೇ ರೋಗಾಣುಗಳು ಔಷಧಕ್ಕೆ ಜಗ್ಗದಂತಾಗುತ್ತಿದ್ದವು. ಗುಣಪಡಿಸುವ ಶಕ್ತಿ, ಕಿವಿಗೆ ತಗಲುವ ಹಾನಿ, ರೋಗಾಣುವಿನ ಪ್ರತಿರೋಧ ಈ ಮೂರೂ ಸಂಗತಿಗಳು ೧೯೪೮ರ ಹೊತ್ತಿಗೇ ವೈದ್ಯರ ಕಣ್ಣಮುಂದಿದ್ದವು. ಇವು ಮೂರಕ್ಕೂ ಬೇರು ಒಂದೇ ಇರಬಹುದೆಂದು ಊಹಿಸಲು ಆಗ ಆಧಾರವಿರಲಿಲ್ಲ.

೩

ರೈಬೋಸೋಮುಗಳು ೧೯೫೦ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಸಹಾಯದಿಂದ ಬೆಳಕಿಗೆ ಬಂದವು. ಸ್ಟ್ರೆಪ್ಟೊಮೈಸಿನ್ ಕೆಲಸಮಾಡುವ ಸ್ಥಾನ ಇದೇ ಇರಬೇಕೆಂಬ ಸೂಚನೆ ೧೯೬೧ರಲ್ಲಿ ಬಂದಿತು. ೧೯೬೪ರಲ್ಲಿ ಜೂಲಿಯನ್ ಡೇವಿಸ್, ವಾಲ್ಟರ್ ಗಿಲ್ಬರ್ಟ್, ಲುಯಿಜಿ ಗೊರಿನಿ ಈ ಮೂವರು ನಡೆಸಿದ ಪ್ರಯೋಗ ಇಲ್ಲಿ ನಿರ್ಣಾಯಕವಾದುದು. ಯುರಾಸಿಲ್ ಎಂಬ ಒಂದೇ ಅಕ್ಷರವುಳ್ಳ ಕೃತಕ ಆರ್.ಎನ್.ಎ.ಯನ್ನು ರೈಬೋಸೋಮಿಗೆ ಒದಗಿಸಿದರೆ ಅದು ಫಿನೈಲ್‌ಅಲನೀನ್ ಎಂಬ ಅಮೈನೋ ಆಮ್ಲವನ್ನು ಪೋಣಿಸುತ್ತದೆ. ಸ್ಟ್ರೆಪ್ಟೊಮೈಸಿನ್ ಬೆರೆಸಿದಾಗ ಅದೇ ಯಂತ್ರವು ಅದರೊಡನೆ ಐಸೊಲ್ಯೂಸೀನ್ ಎಂಬ ಬೇರೊಂದನ್ನೂ ಪೋಣಿಸತೊಡಗಿತು. ಗ್ರಂಥಸಂಪಾದಕರ ಪರಿಭಾಷೆಯಲ್ಲಿ ಹೇಳುವುದಾದರೆ, ಮೂಲಪಾಠ ಶುದ್ಧವಾಗಿದ್ದರೂ ಓದುವವನು ಅಪಪಾಠವನ್ನು ಓದುತ್ತಿದ್ದನು. ಔಷಧವು ರೋಗಾಣುವಿನ ಓದನ್ನೇ ಕೆಡಿಸುತ್ತಿತ್ತು.

ಇಷ್ಟಾದಮೇಲೆ ಮುಂದಿನ ಪ್ರಶ್ನೆ ಸಹಜವಾದುದು: ಔಷಧವು ರೈಬೋಸೋಮಿನಲ್ಲಿ ಯಾವುದನ್ನು ಹಿಡಿಯುತ್ತದೆ? ಆ ಕಾಲದ ಬಹುಮಂದಿ ವಿದ್ವಾಂಸರ ಉತ್ತರ ಪ್ರೋಟೀನು ಎಂಬುದೇ ಆಗಿತ್ತು. ಜೀವಕೋಶದ ರಾಸಾಯನಿಕ ಕ್ರಿಯೆಗಳನ್ನು ನಡೆಸುವ ಕಿಣ್ವಗಳೆಲ್ಲವೂ ಪ್ರೋಟೀನುಗಳೆಂದು ಅಲ್ಲಿಯವರೆಗಿನ ಅನುಭವ ಹೇಳುತ್ತಿತ್ತು. ಆರ್.ಎನ್.ಎ. ಎಂಬುದು ಪ್ರೋಟೀನುಗಳು ಕುಳಿತುಕೊಳ್ಳುವ ಹಂದರ ಮಾತ್ರ ಎಂಬ ಭಾವನೆ ಬೇರೂರಿತ್ತು. ಇದಕ್ಕೆ ಪ್ರಯೋಗದ ಬೆಂಬಲವೂ ದೊರೆಯಿತು. ೧೯೬೯ರಲ್ಲಿ ನೊಮುರಾ ಮತ್ತು ಅವರ ಸಹೋದ್ಯೋಗಿಗಳು ರೈಬೋಸೋಮಿನ ಸಣ್ಣ ಭಾಗವನ್ನು ಬಿಡಿಸಿ, ಮತ್ತೆ ಜೋಡಿಸಿ, ಒಂದು ನಿರ್ದಿಷ್ಟ ಪ್ರೋಟೀನು ಬದಲಾದರೆ ಸ್ಟ್ರೆಪ್ಟೊಮೈಸಿನ್ನಿಗೆ ಪ್ರತಿರೋಧ ಹುಟ್ಟುತ್ತದೆಂದು ಸ್ಥಾಪಿಸಿದರು. ಈಗ ಇದನ್ನು ಎಸ್ ೧೨ ಎಂದು ಕರೆಯುತ್ತಾರೆ. ಪ್ರಯೋಗ ನಿರ್ದುಷ್ಟವಾಗಿತ್ತು. ಆದರೆ ಒಂದು ವಸ್ತು ಬದಲಾದರೆ ಔಷಧ ನಿಷ್ಫಲವಾಗುತ್ತದೆ ಎಂಬುದರಿಂದ ಔಷಧವು ಆ ವಸ್ತುವನ್ನೇ ಹಿಡಿಯುತ್ತದೆ ಎಂದು ಸಿದ್ಧವಾಗುವುದಿಲ್ಲ. ಊರಬಾಗಿಲಿನ ಕಾವಲುಗಾರ ಬದಲಾದರೆ ಒಳಗಿನ ಮನೆಗೆ ಹೋಗುವ ದಾರಿ ಮುಚ್ಚಬಹುದು. ಅಷ್ಟರಿಂದ ಕಾವಲುಗಾರನೇ ಮನೆಯ ಯಜಮಾನನೆಂದು ಹೇಳಲಾಗದು. ನಮ್ಮ ಶಾಸ್ತ್ರದಲ್ಲಿಯೂ ಒಂದೇ ದಾಖಲೆಯಿಂದ ಕಾರಣವನ್ನು ಗೊತ್ತುಮಾಡುವಾಗ ಇಂತಹ ತಪ್ಪು ನುಸುಳುವುದುಂಟು.

ಪೂರ್ವಾಭಿಪ್ರಾಯಕ್ಕೆ ಎದುರಾಗಿ ನಿಂತ ಧ್ವನಿಗಳು ಇರಲಿಲ್ಲವೆಂದಲ್ಲ. ಆದಿಯ ರೈಬೋಸೋಮು ಪೂರ್ತಿಯಾಗಿ ಆರ್.ಎನ್.ಎ.ಯಿಂದಲೇ ಆಗಿದ್ದಿರಬಹುದೆಂದು ಫ್ರಾನ್ಸಿಸ್ ಕ್ರಿಕ್ ೧೯೬೮ರಲ್ಲಿಯೇ ಊಹಿಸಿದ್ದರು. ಕ್ಯಾಲಿಫೋರ್ನಿಯಾದ ಹ್ಯಾರಿ ನೊಲ್ಲರ್ ೧೯೭೨ರಲ್ಲಿ, ಆರ್.ಎನ್.ಎ.ಯ ಕೆಲವೇ ಅಕ್ಷರಗಳನ್ನು ರಾಸಾಯನಿಕದಿಂದ ಮಾರ್ಪಡಿಸಿದರೆ ಸಾಕು, ರೈಬೋಸೋಮಿನ ಸಣ್ಣ ಭಾಗ ನಿಷ್ಕ್ರಿಯವಾಗುತ್ತದೆಂದು ತೋರಿಸಿದರು. ಇದಕ್ಕೆ ಕೂಡಲೇ ವ್ಯಾಪಕವಾದ ಮನ್ನಣೆ ದೊರೆಯಲಿಲ್ಲ. ಥಾಮಸ್ ಚೆಕ್ ಮತ್ತು ಸಿಡ್ನಿ ಆಲ್ಟ್‌ಮನ್ ೧೯೮೦ರ ದಶಕದ ಮೊದಲಿಗೆ, ಆರ್.ಎನ್.ಎ. ತಾನೇ ಕಿಣ್ವದ ಕೆಲಸ ಮಾಡಬಲ್ಲುದೆಂದು ಸ್ವತಂತ್ರವಾಗಿ ಕಂಡುಹಿಡಿದ ಮೇಲೆ ವಾತಾವರಣ ಬದಲಾಯಿತು. ೧೯೮೭ರಲ್ಲಿ ಮೋಅಜೆದ್ ಮತ್ತು ನೊಲ್ಲರ್ ಸರಳವಾದೊಂದು ಉಪಾಯವನ್ನು ಹೂಡಿದರು. ರೈಬೋಸೋಮಿಗೆ ಔಷಧವನ್ನು ಸೇರಿಸಿ, ಅನಂತರ ಆರ್.ಎನ್.ಎ.ಯ ಅಕ್ಷರಗಳನ್ನು ಮಾರ್ಪಡಿಸುವ ರಾಸಾಯನಿಕವನ್ನು ಹಾಕಿದರೆ, ಔಷಧವು ಕುಳಿತ ಎಡೆಯ ಅಕ್ಷರಗಳು ಮಾತ್ರ ಮಾರ್ಪಡದೆ ಉಳಿಯಬೇಕು. ಹಾಗೆಯೇ ಉಳಿದವು. ಸ್ಟ್ರೆಪ್ಟೊಮೈಸಿನ್, ನಿಯೊಮೈಸಿನ್ ಜಾತಿಯ ಔಷಧಗಳು, ಟೆಟ್ರಸೈಕ್ಲಿನ್ ಮೊದಲಾದವು ೧೬ಎಸ್ ಎಂಬ ಆರ್.ಎನ್.ಎ.ಯ ಬೇರೆಬೇರೆ ನಿಯತ ಸ್ಥಾನಗಳನ್ನು ಮರೆಮಾಡುತ್ತಿದ್ದವು.

ಟೆಟ್ರಸೈಕ್ಲಿನ್ ವರ್ಗದ ಮೊದಲ ಔಷಧವಾದ ಆರಿಯೊಮೈಸಿನ್ ೧೯೪೮ರಲ್ಲಿ ಹೊರಬಂದದ್ದು ಲೆಡರ್ಲೆ ಪ್ರಯೋಗಾಲಯದಿಂದ. ಅದನ್ನು ಕಂಡುಹಿಡಿದವರು ಬೆಂಜಮಿನ್ ಡಗ್ಗರ್. ಆಗ ಅಲ್ಲಿ ಸಂಶೋಧನೆಯ ನಿರ್ದೇಶಕರಾಗಿದ್ದವರು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಅದೇ ವರ್ಷ ತೀರಿಕೊಂಡ ಸುಬ್ಬರಾಯರಿಗೆ ತಮ್ಮ ಪ್ರಯೋಗಾಲಯದ ಔಷಧವು ಆರ್.ಎನ್.ಎ.ಯನ್ನು ಹಿಡಿಯುತ್ತದೆಂದು ತಿಳಿಯುವ ಸಂಭವವೇ ಇರಲಿಲ್ಲ.

೨೦೦೦ದ ಸೆಪ್ಟೆಂಬರಿನಲ್ಲಿ ವೆಂಕಟರಾಮನ್ ರಾಮಕೃಷ್ಣನ್ ಅವರ ತಂಡವು ಕೇಂಬ್ರಿಜ್ಜಿನಿಂದ, ರೈಬೋಸೋಮಿನ ಸಣ್ಣ ಭಾಗದಲ್ಲಿ ಸ್ಟ್ರೆಪ್ಟೊಮೈಸಿನ್ ಕುಳಿತಿರುವ ಬಗೆಯನ್ನು ಎಕ್ಸ್ ಕಿರಣಗಳ ಮೂಲಕ ಬಿಡಿಸಿ ತೋರಿಸಿತು. ಔಷಧವು ಆರ್.ಎನ್.ಎ.ಯ ನಾಲ್ಕು ಬೇರೆಬೇರೆ ಭಾಗಗಳನ್ನು ಒಟ್ಟುಗೂಡಿಸಿ ಬಿಗಿಯಾಗಿ ಹಿಡಿದಿತ್ತು. ಪಕ್ಕದಲ್ಲಿ ಎಸ್ ೧೨ ಎಂಬ ಪ್ರೋಟೀನನ್ನೂ ಮುಟ್ಟುತ್ತಿತ್ತು. ೧೯೬೯ರ ಪ್ರಯೋಗವೂ ೧೯೮೭ರ ಪ್ರಯೋಗವೂ ಎರಡೂ ನಿಜವೆಂದು ಏಕಕಾಲದಲ್ಲಿ ಸ್ಪಷ್ಟವಾಯಿತು. ರೈಬೋಸೋಮಿನ ರಚನೆಯ ಸಂಶೋಧನೆಗಾಗಿ ರಾಮಕೃಷ್ಣನ್, ಥಾಮಸ್ ಸ್ಟೈಟ್ಸ್, ಆಡಾ ಯೋನತ್ ಇವರಿಗೆ ೨೦೦೯ರ ನೊಬೆಲ್ ಪಾರಿತೋಷಿಕ ಸಂದಿತು.

೪

ಅರಿವು ತಡವಾದುದರಿಂದ ಏನಾಯಿತೆಂದು ಕೇಳಬಹುದು. ಔಷಧ ಹೇಗೂ ಗುಣಪಡಿಸುತ್ತಲೇ ಇತ್ತಲ್ಲವೆ? ಈ ಪ್ರಶ್ನೆಗೆ ಉತ್ತರ ಕಿವುಡಿನ ಇತಿಹಾಸದಲ್ಲಿದೆ.

ಸ್ಟ್ರೆಪ್ಟೊಮೈಸಿನ್, ಕೆನಮೈಸಿನ್, ಜೆಂಟಮೈಸಿನ್ ಮೊದಲಾದ ಒಂದೇ ಕುಲದ ಔಷಧಗಳಿಂದ ಹೆಚ್ಚು ಕಾಲ ಚಿಕಿತ್ಸೆ ಪಡೆದವರಲ್ಲಿ ಅನೇಕರಿಗೆ ಕಿವಿಯ ತೊಂದರೆ ಬರುವುದು ವೈದ್ಯರಿಗೆ ಗೊತ್ತಿದ್ದ ವಿಷಯವೇ. ಆದರೆ ಕೆಲವು ಮನೆತನಗಳಲ್ಲಿ ಅಲ್ಪ ಪ್ರಮಾಣದ ಔಷಧದಿಂದಲೂ ಪೂರ್ಣ ಕಿವುಡು ಬರುತ್ತಿತ್ತು. ಅದೂ ತಾಯಿಯ ಕಡೆಯ ವಂಶದಲ್ಲಿ ಮಾತ್ರ. ಇದರ ಕಾರಣ ತಿಳಿದದ್ದು ೧೯೯೩ರಲ್ಲಿ. ಮನುಷ್ಯನ ಜೀವಕೋಶದಲ್ಲಿ ಮೈಟೊಕಾಂಡ್ರಿಯ ಎಂಬ ಶಕ್ತಿ ಉತ್ಪಾದಕ ಅಂಗಗಳಿವೆ. ಇವು ಪ್ರಾಚೀನ ಕಾಲದಲ್ಲಿ ಸ್ವತಂತ್ರ ಏಕಾಣುಜೀವಿಗಳಾಗಿದ್ದು, ಅನಂತರ ಜೀವಕೋಶವನ್ನು ಹೊಕ್ಕು ನೆಲಸಿದವುಗಳ ಸಂತತಿ. ಇವಕ್ಕೆ ತಮ್ಮದೇ ಆದ ರೈಬೋಸೋಮುಗಳಿವೆ. ಇವು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುತ್ತವೆ. ಆ ರೈಬೋಸೋಮಿನ ಆರ್.ಎನ್.ಎ.ಯನ್ನು ವಿಧಿಸುವ ಲೇಖದಲ್ಲಿ ೧೫೫೫ನೆಯ ಸ್ಥಾನದ ಅಡೆನೀನ್ ಹೋಗಿ ಗ್ವಾನೀನ್ ಬಂದರೆ, ಆ ಎಡೆಯ ಆಕಾರವು ರೋಗಾಣುವಿನ ಆರ್.ಎನ್.ಎ.ಯ ಆಕಾರವನ್ನು ಹೋಲತೊಡಗುತ್ತದೆ. ಔಷಧಕ್ಕೆ ಶತ್ರುವೂ ಮಿತ್ರನೂ ಒಂದೇ ಬಗೆಯಾಗಿ ಕಾಣುತ್ತಾರೆ. ಒಂದು ಅಕ್ಷರದ ವ್ಯತ್ಯಾಸದಿಂದ ಒಂದು ಮನೆತನವೇ ಕಿವುಡಾಗುವ ಸಂಭವವುಂಟು.

ಇದರ ಮತ್ತೊಂದು ಮುಖವೂ ಇದೆ. ಈ ಕುಲದ ಹಲವು ಔಷಧಗಳು ಹಿಡಿಯುವ ಎಡೆಯಲ್ಲಿ, ೧೪೦೮ನೆಯ ಸ್ಥಾನದಲ್ಲಿ, ಏಕಾಣುಜೀವಿಗಳಿಗೆ ಅಡೆನೀನ್ ಇದೆ. ಮನುಷ್ಯನ ಸಾಮಾನ್ಯ ರೈಬೋಸೋಮಿನಲ್ಲಿ ಅದಕ್ಕೆ ಸಮನಾದ ಎಡೆಯಲ್ಲಿ ಗ್ವಾನೀನ್ ಇದೆ. ಔಷಧವು ರೋಗಾಣುವನ್ನು ಕೊಂದು ನಮ್ಮನ್ನು ಉಳಿಸುವುದಕ್ಕೆ ಈ ಒಂದಕ್ಷರದ ಅಂತರ ಬಹುಮಟ್ಟಿಗೆ ಕಾರಣ. ರೋಗಾಣುವಿನಲ್ಲಿ ಅದೇ ಅಕ್ಷರ ಬದಲಾದರೆ ಅದಕ್ಕೆ ಔಷಧ ನಾಟುವುದಿಲ್ಲ. ಕ್ಷಯದ ರೋಗಾಣುವು ಕೆನಮೈಸಿನ್ನಿಗೆ ಜಗ್ಗದಂತಾಗುವುದು ಅನೇಕವೇಳೆ ಹೀಗೆಯೇ. ೧೯೪೮ರ ವೈದ್ಯರು ಬೇರೆಬೇರೆಯಾಗಿ ಬರೆದಿಟ್ಟ ಮೂರು ಬಗೆಯ ಸಂಗತಿಗಳಿಗೂ, ಅಂದರೆ ಗುಣಕ್ಕೂ ಹಾನಿಗೂ ಪ್ರತಿರೋಧಕ್ಕೂ, ನೆಲೆ ಒಂದೇ ಆಯಿತು. ಔಷಧದಿಂದ ಬರುವ ಕಿವುಡೆಲ್ಲವೂ ಈ ಒಂದು ಅಕ್ಷರದಿಂದಲೇ ಬರುತ್ತದೆಂದು ಇದರ ಅರ್ಥವಲ್ಲ; ಆ ಬದಲಾವಣೆ ಇಲ್ಲದವರಿಗೂ ಹೆಚ್ಚಿನ ಪ್ರಮಾಣದಿಂದ ಕಿವಿ ಕೆಡುವುದುಂಟು. ಆದರೆ ಯಾರಿಗೆ ಒಂದು ಚುಚ್ಚುಮದ್ದೂ ಅಪಾಯವೋ ಅವರನ್ನು ಮೊದಲೇ ಗುರುತಿಸುವುದು ಈಗ ಸಾಧ್ಯ. ಈ ಔಷಧವನ್ನು ಧಾರಾಳವಾಗಿ ಬಳಸಿದ ದೇಶಗಳಲ್ಲಿ ನಮ್ಮದೂ ಒಂದು. ೧೯೫೬ರಲ್ಲಿ ಮದರಾಸಿನಲ್ಲಿ ಕ್ಷಯಚಿಕಿತ್ಸೆಯ ಸಂಶೋಧನ ಕೇಂದ್ರವೂ, ೧೯೫೯ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯೂ ಸ್ಥಾಪಿತವಾದ ಕಾಲದಲ್ಲಿ ಸ್ಟ್ರೆಪ್ಟೊಮೈಸಿನ್ ಕ್ಷಯದ ಮುಖ್ಯ ಔಷಧಗಳಲ್ಲೊಂದಾಗಿತ್ತು. ಅಂದಿನ ವೈದ್ಯರನ್ನು ಇದಕ್ಕಾಗಿ ದೂಷಿಸುವುದು ನ್ಯಾಯವಲ್ಲ. ಸಾವಿಗೂ ಕಿವುಡಿಗೂ ನಡುವೆ ಆರಿಸಬೇಕಾಗಿದ್ದ ಅವರು ಸರಿಯಾದುದನ್ನೇ ಆರಿಸಿದರು.

೫

ಆರ್.ಎನ್.ಎ. ಎಂದು ತಿಳಿದೇ ಔಷಧವನ್ನು ಹುಡುಕುವ ಪ್ರಯತ್ನ ೧೯೯೦ರ ದಶಕದಲ್ಲಿ ಬಲಗೊಂಡಿತು. ನಿಯೊಮೈಸಿನ್ ಏಡ್ಸ್ ರೋಗದ ವೈರಾಣುವಿನ ಆರ್.ಎನ್.ಎ.ಗೂ ಅಂಟುತ್ತದೆಂದು ೧೯೯೩ರಲ್ಲಿ ಕಂಡುಬಂದಾಗ ಆಶೆ ಚಿಗುರಿತು. ಆದರೆ ಕಾರ್ಯವು ಸುಲಭವಾಗಿರಲಿಲ್ಲ. ಪ್ರೋಟೀನಿನಲ್ಲಿ ಇಪ್ಪತ್ತು ಬಗೆಯ ಘಟಕಗಳಿರುವುದರಿಂದ ಅದರ ಗುಳಿಗಳು ಒಂದರಂತೊಂದಿರುವುದಿಲ್ಲ, ಆರ್.ಎನ್.ಎ.ಗೆ ಇರುವುದು ನಾಲ್ಕೇ ಅಕ್ಷರ. ಅದರ ಬೆನ್ನೆಲುಬಿನ ಉದ್ದಕ್ಕೂ ಋಣವಿದ್ಯುದಂಶವಿರುವುದರಿಂದ, ಧನವಿದ್ಯುದಂಶವುಳ್ಳ ಅಣುಗಳು ಕಂಡಕಂಡ ಆರ್.ಎನ್.ಎ.ಗೆಲ್ಲ ಅಂಟಿಕೊಳ್ಳುತ್ತವೆ. ಮೇಲಾಗಿ ಜೀವಕೋಶದ ಆರ್.ಎನ್.ಎ.ಯಲ್ಲಿ ಹೆಚ್ಚಿನ ಪಾಲು ರೈಬೋಸೋಮಿನದೇ. ಬೇಕಾದ ಒಂದು ಎಳೆಯನ್ನು ಹುಡುಕುವ ಅಣು ಆ ರಾಶಿಯಲ್ಲಿಯೇ ಕಳೆದುಹೋಗಬಹುದು. ಹಿಡಿಯುವುದು ಸುಲಭ, ಬೇಕಾದುದನ್ನು ಮಾತ್ರ ಹಿಡಿಯುವುದು ಕಷ್ಟ ಎಂಬುದು ಈ ಕ್ಷೇತ್ರದ ಸಾರ.

ಪ್ರಕೃತಿಯೇ ಇದನ್ನು ಸಾಧಿಸಿದೆಯೆಂದು ೨೦೦೨ರಲ್ಲಿ ತಿಳಿಯಿತು. ರಾನಲ್ಡ್ ಬ್ರೇಕರ್ ಅವರ ತಂಡವೂ ಎವ್ಗೆನಿ ನುಡ್ಲರ್ ಅವರ ತಂಡವೂ ಏಕಾಣುಜೀವಿಗಳಲ್ಲಿ ರೈಬೋಸ್ವಿಚ್ ಎಂಬ ಆರ್.ಎನ್.ಎ. ತುಣುಕುಗಳನ್ನು ಕಂಡುಹಿಡಿದವು. ಇವು ಯಾವ ಪ್ರೋಟೀನಿನ ಸಹಾಯವೂ ಇಲ್ಲದೆ ಜೀವಸತ್ತ್ವವೇ ಮೊದಲಾದ ಸಣ್ಣ ಅಣುವನ್ನು ತಾವೇ ಗುರುತಿಸಿ, ಹಿಡಿದು, ವಂಶವಾಹಿಯ ಕೆಲಸವನ್ನು ನಿಲ್ಲಿಸುತ್ತವೆ. ೨೦೧೫ರಲ್ಲಿ ಮರ್ಕ್ ಸಂಸ್ಥೆಯ ವಿಜ್ಞಾನಿಗಳು ಸಹಸ್ರಾರು ಸಂಯುಕ್ತಗಳನ್ನು ಪರೀಕ್ಷಿಸಿ, ಇಂತಹ ಒಂದು ರೈಬೋಸ್ವಿಚ್ಚನ್ನು ಹಿಡಿಯುವ ರೈಬೊಸಿಲ್ ಎಂಬ ಅಣುವನ್ನು ಪಡೆದರು. ಅದು ಔಷಧವಾಗಿ ಬಳಕೆಗೆ ಬರಲಿಲ್ಲ. ಆದರೆ ಸ್ಟ್ರೆಪ್ಟೊಮೈಸಿನ್ನಿನಂತೆ ಧನವಿದ್ಯುದಂಶದ ಬಲವನ್ನು ನೆಚ್ಚದೆಯೂ ಆರ್.ಎನ್.ಎ.ಯನ್ನು ನಿಖರವಾಗಿ ಹಿಡಿಯಬಹುದೆಂದು ಅದರಿಂದ ಸಿದ್ಧವಾಯಿತು.

ಬೆನ್ನುಹುರಿಯ ನರಗಳು ಸತ್ತು ಮಕ್ಕಳ ಸ್ನಾಯುಗಳು ಕ್ಷೀಣಿಸುವ ರೋಗವೊಂದಿದೆ. ಇದರ ಮೂಲವು ಎಸ್.ಎಂ.ಎನ್. ೧ ಎಂಬ ವಂಶವಾಹಿಯ ನಷ್ಟವೆಂದು ೧೯೯೫ರಲ್ಲಿ ಗೊತ್ತಾಯಿತು. ಮನುಷ್ಯನಲ್ಲಿ ಇದಕ್ಕೆ ಎಸ್.ಎಂ.ಎನ್. ೨ ಎಂಬ ಅವಳಿಯಿದೆ. ಆದರೆ ಅದರಲ್ಲಿ ಒಂದಕ್ಷರ ವ್ಯತ್ಯಾಸವಾಗಿರುವುದರಿಂದ ಪ್ರತಿಮಾಡುವಾಗ ಏಳನೆಯ ಖಂಡ ಬಹುಪಾಲು ಬಿಟ್ಟುಹೋಗುತ್ತದೆ. ಲಿಪಿಕಾರನ ಕಣ್ಣು ಒಂದು ಸಾಲನ್ನು ಹಾರಿ ಮುಂದಿನದಕ್ಕೆ ಹೋದಂತೆ ಇದು. ೨೦೨೦ರ ಆಗಸ್ಟಿನಲ್ಲಿ ಅಮೆರಿಕಾದಲ್ಲಿ ಅನುಮತಿ ಪಡೆದ ರಿಸ್‌ಡಿಪ್ಲಾಮ್ ಎಂಬ ಔಷಧವು, ಆ ಖಂಡದ ಅಂಚನ್ನು ಗುರುತಿಸುವ ಎರಡು ಆರ್.ಎನ್.ಎ. ಎಳೆಗಳು ಸೇರುವೆಡೆಯಲ್ಲಿ ಕುಳಿತು, ಅವುಗಳ ಸಡಿಲವಾದ ಬೆಸುಗೆಯನ್ನು ಭದ್ರಪಡಿಸುತ್ತದೆ. ಬಿಟ್ಟುಹೋಗುತ್ತಿದ್ದ ಖಂಡ ಪ್ರತಿಯಲ್ಲಿ ಉಳಿಯುತ್ತದೆ. ಸ್ಟ್ರೆಪ್ಟೊಮೈಸಿನ್ ಶುದ್ಧಪಾಠವನ್ನು ಕೆಡಿಸಿ ರೋಗಾಣುವನ್ನು ಕೊಂದಿತು; ರಿಸ್‌ಡಿಪ್ಲಾಮ್ ಕೆಟ್ಟ ಪಾಠವನ್ನು ತಿದ್ದಿ ಮಗುವನ್ನು ಬಲಪಡಿಸುತ್ತದೆ. ಇಲ್ಲಿಯೂ ಸಂಶೋಧಕರು ಮೊದಲು ಹುಡುಕಿದ್ದು ಪರಿಣಾಮವನ್ನು. ಅಣುವು ಹಿಡಿಯುವ ಬಗೆ ವಿಶದವಾದದ್ದು ಆಮೇಲೆ. ಆದರೆ ಈ ಬಾರಿ ನಡುವಣ ಕಾಲ ದಶಕಗಳಲ್ಲ, ಕೆಲವೇ ವರ್ಷಗಳು.

೬

ಸ್ಟ್ರೆಪ್ಟೊಮೈಸಿನ್ನಿನ ಚರಿತ್ರೆಗೆ ಒಂದು ವ್ಯಾಜ್ಯವೂ ಸೇರಿದೆ. ಪೇಟೆಂಟಿನ ಹಣದಲ್ಲಿ ತನಗೆ ಪಾಲಿಲ್ಲದಿರಲು ಗುರುವಿಗೆ ಪಾಲಿದೆಯೆಂದು ತಿಳಿದ ಶಾಟ್ಸ್ ೧೯೫೦ರಲ್ಲಿ ನ್ಯಾಯಾಲಯಕ್ಕೆ ಹೋದನು. ಅದೇ ವರ್ಷದ ಕೊನೆಗೆ ರಾಜಿಯಾಗಿ ಆತನನ್ನು ಸಹಶೋಧಕನೆಂದು ಒಪ್ಪಲಾಯಿತು. ಆದರೂ ೧೯೫೨ರ ನೊಬೆಲ್ ಪಾರಿತೋಷಿಕ ವ್ಯಾಕ್ಸ್‌ಮನ್ ಒಬ್ಬರಿಗೇ ಸಂದಿತು. ಮೊದಲ ವರದಿಯಲ್ಲಿ ಹೆಸರಿದ್ದ ಬ್ಯೂಗಿಯವರ ಹೆಸರು ಪೇಟೆಂಟಿನಲ್ಲಿ ಇರಲೇ ಇಲ್ಲ. ವ್ಯಾಕ್ಸ್‌ಮನ್ನರನ್ನು ಕುರಿತು ಮತ್ತೊಂದು ಮಾತನ್ನೂ ಹೇಳಬೇಕು: ಮರ್ಕ್ ಸಂಸ್ಥೆಯು ಈ ಔಷಧದ ಮೇಲೆ ತನಗಿದ್ದ ಏಕಸ್ವಾಮ್ಯವನ್ನು ಬಿಟ್ಟುಕೊಡುವಂತೆ ಮಾಡಿದವರಲ್ಲಿ ಅವರೂ ಒಬ್ಬರು. ಹಲವು ಸಂಸ್ಥೆಗಳು ಔಷಧವನ್ನು ತಯಾರಿಸಲು ಅದರಿಂದ ದಾರಿಯಾಯಿತು.

ರಿಸ್‌ಡಿಪ್ಲಾಮಿನ ಮೇಲೂ ಇಂತಹ ಪ್ರಶ್ನೆ ನಮ್ಮ ದೇಶದಲ್ಲಿಯೇ ಎದ್ದಿತು. ಪೇಟೆಂಟನ್ನು ಹೊಂದಿದ್ದ ರೋಶ್ ಸಂಸ್ಥೆಯು ಹೈದರಾಬಾದಿನ ನ್ಯಾಟ್ಕೊ ಸಂಸ್ಥೆಯ ತಯಾರಿಕೆಗೆ ತಡೆಯಾಜ್ಞೆ ಕೇಳಿದಾಗ, ದೆಹಲಿಯ ಉಚ್ಚ ನ್ಯಾಯಾಲಯವು ೨೦೨೫ರ ಮಾರ್ಚಿಯಲ್ಲಿ ಅದನ್ನು ನಿರಾಕರಿಸಿತು. ಅಕ್ಟೋಬರಿನಲ್ಲಿ ವಿಭಾಗೀಯ ಪೀಠವೂ ಆ ತೀರ್ಪನ್ನೇ ಎತ್ತಿಹಿಡಿಯಿತು. ಹಿಡಿತದ ರಹಸ್ಯ ತಿಳಿದ ಮಾತ್ರಕ್ಕೆ ಔಷಧವು ರೋಗಿಯ ಕೈಗೆ ಬರುವುದಿಲ್ಲವೆಂಬುದಕ್ಕೆ ಎರಡು ಕಾಲಗಳ ಈ ಎರಡು ವ್ಯಾಜ್ಯಗಳು ಸಾಕ್ಷಿ.

ಮನುಷ್ಯನ ವಂಶಲೇಖದಲ್ಲಿ ಪ್ರೋಟೀನನ್ನು ವಿಧಿಸುವ ಭಾಗ ನೂರಕ್ಕೆ ಎರಡರಷ್ಟೂ ಇಲ್ಲ. ಉಳಿದುದರಲ್ಲಿ ಬಹುಭಾಗ ಆರ್.ಎನ್.ಎ.ಯಾಗಿ ಪ್ರತಿಯಾಗುತ್ತದೆ. ಪ್ರೋಟೀನಿಗೆ ಅಂಟದ ಔಷಧಗಳಿಗೆ ಎಷ್ಟು ವಿಶಾಲವಾದ ಬಯಲು ತೆರೆದಿದೆಯೆಂದು ಇದರಿಂದ ಊಹಿಸಬಹುದು. ಆದರೆ ಇತಿಹಾಸದ ವಿದ್ಯಾರ್ಥಿಗಳಾದ ನಾವು ಈ ಆಶೆಯ ಜೊತೆಗೆ ಹಿಂದಿನ ನಲವತ್ತು ವರ್ಷಗಳನ್ನೂ ನೆನಪಿಡಬೇಕು. ರೈಬೋಸೋಮಿನ ಮೂರರಲ್ಲಿ ಎರಡು ಪಾಲು ಆರ್.ಎನ್.ಎ. ಎಂಬುದು ಎಲ್ಲರಿಗೂ ಗೊತ್ತಿದ್ದಾಗಲೂ, ಅದನ್ನು ಹಂದರವೆಂದೇ ಕಂಡ ವಿದ್ವಾಂಸರು ಅಜ್ಞಾನಿಗಳಾಗಿರಲಿಲ್ಲ. ಅವರು ತಮ್ಮ ಕಾಲದ ಅತ್ಯುತ್ತಮ ಪ್ರಯೋಗಗಳನ್ನೇ ನಂಬಿದ್ದರು. ಇಂದು ನಾವು ಹಂದರವೆಂದು ತಿಳಿದು ಬದಿಗಿಟ್ಟಿರುವುದು ಯಾವುದು ಎಂಬ ಪ್ರಶ್ನೆಯನ್ನು ಪ್ರಯೋಗಾಲಯದವರೂ ದಾಖಲೆಗಳ ನಡುವೆ ಕುಳಿತಿರುವ ನಾವೂ ಆಗಾಗ ಕೇಳಿಕೊಳ್ಳುವುದು ಒಳ್ಳೆಯದು.